ಚಲುವನಾರಾಯಣರ ಕೆಂಪು ಗಿಟಾರು

ನನಗೆ ಸಂಗೀತ ಗೊತ್ತಿಲ್ಲ. ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ಇಪ್ಪತ್ತು ವರ್ಷದ ಮೇಲೆ ವಿಸಲ್ ಊದಿದ ಅನಿಲ್‌ಕುಮಾರ್ ನಾನು. ನನಗೆ ಬರುವುದು ಅದೊಂದೇ ಸ್ವರ, ಅದೂ ಮಕ್ಕಳನ್ನು ಗ್ರೌಂಡಿನ ಸುತ್ತ ಓಡಿಸುವುದಕ್ಕೆ. ಹಾಗಿದ್ದೂ ನಮ್ಮ ಸ್ಕೂಲಿನ ಗುಮಾಸ್ತರಾಗಿದ್ದ ಚಲುವನಾರಾಯಣರ ವಿಷಯ ನಾನೇ ಬರೆಯಬೇಕಾಗಿದೆ. ಬೇರೆಯವರು ಬರೆದರೆ ಒಳ್ಳೆಯದನ್ನೇ ಬರೆದುಬಿಡುತ್ತಾರೆ, ನಡೆದದ್ದು ನಡೆದ ಹಾಗೆ ಬರುವುದಿಲ್ಲ ಅನ್ನುವ ಭಯ ನನಗೆ.

ಅರ್ಧ ತೋಳಿನ ಬಿಳಿ ಶರಟು, ಜೇಬಿನಲ್ಲಿ ಎರಡು ಪೆನ್ನು, ಡಬ್ಬಿಯಲ್ಲಿ ಮೊಸರನ್ನ. ಟಿ.ಸಿ. ಬರೆಯುವುದು ಅವರ ಕೆಲಸವಾದ್ದರಿಂದ ಮಕ್ಕಳು ಅವರನ್ನು ಟಿ.ಸಿ. ಸಾರ್ ಅನ್ನುತ್ತಿದ್ದರು. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಕಿವಿ ಮಾತ್ರ ವಿಪರೀತ. ಒಂದು ದಿನ ಸ್ಕೂಲಿನ ಗಂಟೆ ಹೊಡೆದಾಗ ತಲೆಯೆತ್ತಿ, "ಗಂಟೆ ಸೀಳು ಬಿಟ್ಟಿದೆ, ನಿನ್ನೆಗಿಂತ ಸ್ವರ ಇಳಿದಿದೆ" ಅಂದರು. ಹೋಗಿ ನೋಡಿದರೆ ಗಂಟೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಇತ್ತು. ನಾನು ದಿನಾ ಅದರ ಕೆಳಗೇ ನಿಂತಿರುತ್ತಿದ್ದೆ.

ಭಾನುವಾರ ಅವರಿಗೆ ಇನ್ನೊಂದು ಕೆಲಸವಿತ್ತು, ವೀಣೆಗೆ ಮೇಳ ಕಟ್ಟುವುದು. ವೀಣೆಯ ದಂಡಿಯ ಮೇಲೆ ಕರಿ ಮೇಣದ ಎರಡು ಸಾಲಿರುತ್ತದೆ. ಜೇನುಮೇಣ, ಗುಗ್ಗುಳ, ಕಾಡಿಗೆ ಕಲಸಿ ಮಾಡಿದ ಮೇಣ ಅದು. ಹಿತ್ತಾಳೆಯ ಮೆಟ್ಟಿಲುಗಳು ಅದರ ಮೇಲೆ ಕೂತಿರುತ್ತವೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಸ್ವರ. ವರ್ಷಗಳು ಕಳೆದಂತೆ ಮೇಣ ಜರುಗಿ ಸ್ವರ ಕೆಡುತ್ತದೆ. ಆಗ ಮೇಣವನ್ನು ಬೆಚ್ಚಗೆ ಮಾಡಿ, ಕಿವಿಗೊಟ್ಟು, ಮೆಟ್ಟಿಲುಗಳನ್ನು ಒಂದೊಂದಾಗಿ ಜಾಗಕ್ಕೆ ಕೂರಿಸಬೇಕು. ಅದೇ ಮೇಳ ಕಟ್ಟುವುದು. ಹಾಸನ, ಅರಕಲಗೂಡು, ಹೊಳೆನರಸೀಪುರದಲ್ಲಿ ವೀಣೆ ಇದ್ದ ಮನೆಗಳಿಗೆಲ್ಲ ಇವರೇ. ದಿನವಿಡೀ ಕೂತು ಕಟ್ಟುವರು, ಕಟ್ಟಿ ಮುಗಿಸಿ ಪ್ರತಿ ಸ್ವರವನ್ನೂ ಒಂದೊಂದು ಸಲ ಮೀಟುವರು, ವೀಣೆಗೆ ಬಟ್ಟೆ ಹೊದಿಸಿ ಎದ್ದುಬಿಡುವರು. ಒಂದು ಹಾಡೂ ಇಲ್ಲ, ಕೀರ್ತನೆಯೂ ಇಲ್ಲ.

"ಅಡುಗೆ ಮಾಡಿ ಉಣ್ಣದೇ ಎದ್ದು ಬಂದಂಗಾಯ್ತಲ್ಲ ಸಾ" ಅಂತ ಒಂದು ದಿನ ರೇಗಿಸಿದೆ.

ಅವರು ನಕ್ಕರು. ಆಮೇಲೆ ಹೇಳಿದರು. ಅವರ ತಂದೆ ವೀಣೆ ವಿದ್ವಾಂಸರು. ಮಗನಿಗೆ ಹದಿನಾಲ್ಕು ವರ್ಷವಾದಾಗ ನವರಾತ್ರಿಯಲ್ಲಿ ಶಿಷ್ಯರನ್ನೆಲ್ಲ ಕೂರಿಸಿಕೊಂಡು ನುಡಿಸೆಂದರಂತೆ. ಮುಗಿದ ಮೇಲೆ ಎಲ್ಲರೆದುರಿಗೆ ಹೇಳಿದರಂತೆ: "ಇವನಿಗೆ ಕಿವಿ ಇದೆ, ಕೈ ಇಲ್ಲ. ಇವನ ಕೈಯಲ್ಲಿ ಸ್ವರ ನಿಲ್ಲೋದಿಲ್ಲ." ಅಂದಿನಿಂದ ಮಗನಿಗೆ ಮೇಳ ಕಟ್ಟುವ ಕೆಲಸ, ನುಡಿಸುವುದು ಉಳಿದವರಿಗೆ. ತನ್ನ ರಕ್ತದ ಗುಂಪು ಯಾವುದು ಅಂತ ಹೇಳುವವರ ಹಾಗೆ ಅವರು ಇದನ್ನು ಹೇಳಿದರು. ನನಗೆ ಸಿಟ್ಟು ಬಂತು. ಸತ್ತುಹೋದ ಆ ದೊಡ್ಡ ಮನುಷ್ಯರ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಆ ನವರಾತ್ರಿಯಾದ ಎರಡು ವರ್ಷಕ್ಕೆ, ಸಾವಿರದ ಒಂಬೈನೂರ ಅರವತ್ತೈದರಲ್ಲಿ, ಅವರು ಹಾಸನದ ವಸ್ತುಪ್ರದರ್ಶನದಲ್ಲಿ ಒಂದು ಆರ್ಕೆಸ್ಟ್ರಾ ನೋಡಿದರಂತೆ. ಅದರಲ್ಲೊಬ್ಬ ಕೆಂಪು ಎಲೆಕ್ಟ್ರಿಕ್ ಗಿಟಾರು ಹಿಡಿದಿದ್ದ. ಎಳೆಗರುವಿಗೆ ಆಗತಾನೇ ಮೂಡಿದ ಹಾಗೆ ಎರಡು ಮೊಂಡು ಕೊಂಬು, ಎದೆಯ ಮೇಲೆ ಬಿಳಿ ತಗಡು, ಮೂರು ತಿರುಪು. "ಅವನು ನಿಂತುಕೊಂಡು ನುಡಿಸ್ತಿದ್ದ, ಅನಿಲ್‌ಕುಮಾರ್. ಯಾರ ಮುಂದೂ ಕೂರದೆ, ನಿಂತುಕೊಂಡು" ಅಂದರು. ಆಮೇಲೆ ಮೊಸರನ್ನದ ಡಬ್ಬಿ ಮುಚ್ಚುತ್ತಾ, "ಅಪ್ಪ ತೀರ್ಪು ಕೊಟ್ಟದ್ದು ವೀಣೆ ವಿಷಯಕ್ಕೆ ತಾನೆ?" ಅಂದರು.

ಇದನ್ನು ನನಗೆ ಹೇಳುವಾಗ ಅವರಿಗೆ ನಲವತ್ತಾರು. ಮೂವತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅದು. ಆ ಗಿಟಾರನ್ನು ಮಾಡಬೇಕು, ಜನರ ಮುಂದೆ ನಿಂತು ಒಂದೇ ಒಂದು ಹಾಡು ನುಡಿಸಬೇಕು. ಅಷ್ಟೇ ಅವರ ಆಸೆ. ಅದಕ್ಕಿಂತ ಹೆಚ್ಚಿನದನ್ನು ಅವರು ದೇವರಲ್ಲಿ ಕೇಳಿದ್ದರೆ ನನಗಂತೂ ತಿಳಿಯದು.

ಕೊಳ್ಳಬಹುದಿತ್ತಲ್ಲ ಅನ್ನಬೇಡಿ. ಅಂಗಡಿಯಲ್ಲಿದ್ದವೆಲ್ಲ ಕಪ್ಪಗೆ, ಮೊನಚು ಮೊನಚಾಗಿ, ಮುಟ್ಟಿದರೆ ಚುಚ್ಚುವ ಹಾಗಿದ್ದವು. ಅವರಿಗೆ ಬೇಕಾಗಿದ್ದದ್ದು ಅರವತ್ತೈದರದ್ದು. ರಟ್ಟಿನ ಮೇಲೆ ನೆನಪಿನಿಂದಲೇ ಆಕಾರ ಬರೆದರು. ಮರಕ್ಕೆ ಅಟ್ಟದ ಮೇಲೆ ಅವರ ತಂದೆ ವೀಣೆಗೆಂದು ಎತ್ತಿಟ್ಟಿದ್ದ ಹಲಸಿನ ದಿಮ್ಮಿ ಇತ್ತು. ಅದನ್ನು ಕೇಳುವುದಕ್ಕೂ ಅವರಿಗೆ ಸಂಕೋಚ, ಕೇಳಲು ಯಾರೂ ಇಲ್ಲದಿದ್ದರೂ. ಎರಡು ದಿನ ಅದರ ಕೆಳಗೆ ಓಡಾಡುವುದನ್ನು ನೋಡಿದ ಅವರ ಹೆಂಡತಿ ಗೋದಮ್ಮನವರು ಸೀರೆ ಸೊಂಟಕ್ಕೆ ಸಿಕ್ಕಿಸಿ ಅಟ್ಟ ಹತ್ತಿ ತಾವೇ ಎಳೆದು ಕೆಳಗೆ ಹಾಕಿದರು. "ಗೆದ್ದಲಿಗೆ ಕೊಡೋ ಬದಲು ಮಗನಿಗೆ ಕೊಟ್ಟರೆ ಮಾವನವರೇನೂ ಶಾಪ ಹಾಕಲ್ಲ" ಅಂದರು. ಆ ಹೆಂಗಸಿಗೆ ಗಂಡನ ಮೇಲೆ ಎಷ್ಟು ನಂಬಿಕೆ ಅಂದರೆ, ಗಂಡನಿಗೇ ತನ್ನ ಮೇಲೆ ಅದರಲ್ಲಿ ಕಾಲು ಭಾಗ ಇರಲಿಲ್ಲ.

ಮುಂದಿನ ಮೂರು ವರ್ಷ ನನ್ನ ಬೈಕಿನ ಹಿಂದಿನ ಸೀಟು ಚಲುವನಾರಾಯಣರದ್ದು. ತಂತಿಯ ಅದುರನ್ನು ಕರೆಂಟಿಗೆ ತಿರುಗಿಸುವ ಕಾಯಿಲನ್ನು ಹಾಸನದಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಮಾಡುವವನ ಹತ್ತಿರ ಸುತ್ತಿಸಿದೆವು. ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಆರು ಸಾವಿರ ಸುತ್ತು. ನಾಲ್ಕು ಸಾವಿರಕ್ಕೆ ತುಂಡಾಯಿತು, ಮತ್ತೆ ಮೊದಲಿನಿಂದ. ಚನ್ನರಾಯಪಟ್ಟಣದ ಕಡೆ ಮುಚ್ಚಿಹೋಗಿದ್ದ ಟೆಂಟ್ ಸಿನಿಮಾದ ಸ್ಪೀಕರುಗಳಿಂದ ಮ್ಯಾಗ್ನೆಟ್ ಬಂತು, ಹಳೇ ವಾಲ್ವ್ ರೇಡಿಯೋದಿಂದ ತಿರುಪುಗಳು ಬಂದವು. ಎದೆಯ ಬಿಳಿ ತಗಡಿಗೆ ಯಾರದೋ ಅಡುಗೆಮನೆಯಲ್ಲಿ ಉಳಿದ ಸನ್‌ಮೈಕಾ. ಕೆಂಪು ಬಣ್ಣ ಮಾತ್ರ ನನ್ನ ಕಾಣಿಕೆ. ಹಿರೀಸಾವೆಯಲ್ಲಿ ನಮ್ಮಣ್ಣ ರಾಮಣ್ಣ ತನ್ನ ಟ್ರ್ಯಾಕ್ಟರಿಗೆ ಬಳಿಸಿ ಮಿಕ್ಕಿದ್ದನ್ನು ಹೊತ್ತು ತಂದೆ. "ಐನೋರು ಟ್ಯಾಕ್ಟ್ರು ಏನಾದ್ರೂ ತಗಂಡ್ರೇನ್ಲಾ" ಅಂದ ಅಣ್ಣ.

ಕೊನೆಗೆ ಉಳಿದದ್ದು ಕತ್ತಿನ ಮೇಲಿನ ಮೆಟ್ಟಿಲುಗಳು. ಇಲ್ಲಿ ಒಂದು ಮಾತಾಯಿತು. ಗಿಟಾರಿನಲ್ಲಿ ಮರಕ್ಕೆ ಗರಗಸದಿಂದ ಗೀರು ಕೊಯ್ದು, ಮೆಟ್ಟಿಲನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ, ಆಮೇಲೆ ಅದು ಅಲುಗುವುದಿಲ್ಲ ಅಂತ ವೈಂಡಿಂಗಿನವನು ಹೇಳಿದ. ಅವನ ತಮ್ಮ ಎಲ್ಲೋ ನೋಡಿದ್ದನಂತೆ. ಚಲುವನಾರಾಯಣರ ಮುಖ ಸಣ್ಣಗಾಯಿತು.

"ಒಂದು ಸಲ ಬಡಿದರೆ ಮುಗೀತೇ? ತಪ್ಪಿದ್ದರೆ?"

"ತಪ್ಪಿದ್ರೆ ತಪ್ಪೇ ಸಾ. ಸೌದೆ ಮಾಡ್ಕಳದು."

ಚಲುವನಾರಾಯಣರು ಮನೆಗೆ ಬಂದವರೇ ಮೇಣ ಕಾಯಿಸಲು ಕೂತರು. ಗಿಟಾರಿನ ಕತ್ತಿನ ಎರಡೂ ಅಂಚಿಗೆ ಕರಿ ಮೇಣ ಕಟ್ಟಿ, ಇಪ್ಪತ್ತೊಂದು ಹಿತ್ತಾಳೆ ಮೆಟ್ಟಿಲನ್ನು ವೀಣೆಗೆ ಕೂರಿಸುವ ಹಾಗೇ ಕೂರಿಸಿದರು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದೇ ಏಟಿಗೆ ಮುಗಿಸಿಕೊಂಡವರು, ಇನ್ನೊಂದು ಏಟಿಗೆ ಹೇಗೆ ತಲೆ ಕೊಟ್ಟಾರು? ತಪ್ಪಿದರೆ ತಿದ್ದುವ ಹಾಗಿರಬೇಕು. ಅವರು ಕಲಿತ ವಿದ್ಯೆ ಅದೊಂದೇ.

ಮೊದಲ ಸಲ ನುಡಿಸಿದಾಗ ನಾನಿದ್ದೆ. ರೇಡಿಯೋಗೆ ವೈರು ಸಿಕ್ಕಿಸಿ, ಎದ್ದು ನಿಂತು, ಗೋಡೆ ಕಡೆ ಮುಖ ಮಾಡಿಕೊಂಡು ಒಂದು ಹಳೇ ಸಿನಿಮಾ ಹಾಡು ನುಡಿಸಿದರು. ಗಿಟಾರಿನವರ ಹಾಗಲ್ಲ, ವೀಣೆಯ ಹಾಗೆ, ತಂತಿಯನ್ನು ಪಕ್ಕಕ್ಕೆ ಎಳೆದು ಎಳೆದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರಲ್ಲ, ಆವತ್ತು ಕೋಣಕ್ಕೂ ಕೇಳಿಸಿತು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಗೋದಮ್ಮನವರು ಕೈ ನಿಲ್ಲಿಸಿ ಕೂತಿದ್ದರು. ಹಾಡು ಮುಗಿದ ಮೇಲೂ ಚಲುವನಾರಾಯಣರು ಗೋಡೆ ಕಡೆಯಿಂದ ತಿರುಗಲಿಲ್ಲ. "ಇದನ್ನ ನಾಲ್ಕು ಜನದ ಮುಂದೆ ನುಡಿಸಿಬಿಡಿ. ನಾನು ಮುಂದೆ ಕೂತ್ಕೋತೀನಿ" ಅಂದರು ಗೋದಮ್ಮ.

ಆ ನಾಲ್ಕು ಜನವನ್ನು ಹುಡುಕಿಕೊಟ್ಟವನು ನಾನು. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ನಮ್ಮಣ್ಣನ ಮಗಳು ರೂಪಶ್ರೀಯ ಮದುವೆ, ಚನ್ನರಾಯಪಟ್ಟಣದ ಛತ್ರದಲ್ಲಿ. ಆರತಕ್ಷತೆಗೆ ಹಾಸನದ ಪಂಚಾಕ್ಷರಯ್ಯ ಅನ್ನುವವರ ಆರ್ಕೆಸ್ಟ್ರಾ. ನಾನು ಅವರ ಹತ್ತಿರ ಹೋಗಿ ಬೇಡಿಕೊಂಡೆ. "ಒಂದು ಹಾಡು ಬಿಡ್ತೀನಿ" ಅಂದರು. "ಚೆನ್ನಾಗಿ ಬಂದ್ರೆ ನಮಗೂ ಗಿಟಾರಿಗೆ ಒಬ್ಬರು ಬೇಕು. ರಜಾ ದಿನದ ಪ್ರೋಗ್ರಾಮಿಗೆಲ್ಲ ಕರ್ಕೊಂಡು ಹೋಗ್ತೀನಿ." ಇದನ್ನು ಹೇಳಿದಾಗ ಚಲುವನಾರಾಯಣರು ಟಿ.ಸಿ. ಒಂದರಲ್ಲಿ ಹುಡುಗನ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆದರು. ಅವರ ಸರ್ವೀಸಿನಲ್ಲಿ ಅದೊಂದೇ ತಪ್ಪು.

ಮದುವೆಯ ವಾರವೇ ಅರಕಲಗೂಡಿನಲ್ಲಿ ಗೋದಮ್ಮನವರ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಅಕ್ಕನಿಗೆ ಮೈ ಸರಿಯಿಲ್ಲ, ಬಾಣಂತನಕ್ಕೆ ಇವರೇ ನಿಲ್ಲಬೇಕಾಯಿತು. ಬಸ್ ಹತ್ತುವಾಗ ನನ್ನನ್ನು ಕರೆದು, "ವಿಡಿಯೋ ಇರುತ್ತಲ್ಲ ಅನಿಲ್‌ಕುಮಾರ್? ಇವರು ನುಡಿಸೋದು ಚೆನ್ನಾಗಿ ಬರಬೇಕು. ಕೈ ಕಾಣಬೇಕು" ಅಂದರು. ನೀವು ಯೋಚನೆ ಮಾಡಬೇಡಿ ಅಮ್ಮ ಅಂದೆ.

ಸಂಜೆ ಏಳಕ್ಕೆ ಪಂಚಾಕ್ಷರಯ್ಯ ಮೈಕಿನಲ್ಲಿ ಅವರ ಹೆಸರು ಹೇಳಿದರು. ಗಿಳಿಹಸಿರು ಅಂಚಿನ ಪಂಚೆ, ಇಸ್ತ್ರಿ ಶರಟು, ಎದೆಯ ಮೇಲೆ ಕೆಂಪು ಗಿಟಾರು. ಛತ್ರದ ತುಂಬ ನಮ್ಮ ನೆಂಟರು, ಬೀಗರ ನೆಂಟರು. ಮುಂದಿನ ಸಾಲಿನಲ್ಲಿದ್ದ ನಮ್ಮೂರಿನವರು ಟ್ರ್ಯಾಕ್ಟರಿನ ಬಣ್ಣ ಗುರುತು ಹಿಡಿದು ನಕ್ಕರು, ಕೆಟ್ಟ ನಗುವಲ್ಲ. ಹಾಡು ಶುರುವಾಯಿತು. ಪಲ್ಲವಿ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ಕೀಬೋರ್ಡಿನವನು ತಲೆಯೆತ್ತಿ ನೋಡಿದ, ಪಂಚಾಕ್ಷರಯ್ಯ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಎಲ್ಲೋ ಬಾಣಂತಿಯ ನೀರು ಕಾಯಿಸುತ್ತಿರುವ ಗೋದಮ್ಮನವರು ನನ್ನ ಕಣ್ಣ ಮುಂದೆ ಬಂದರು. ನನಗೆ ತಡೆಯಲಾಗಲಿಲ್ಲ. ವಿಡಿಯೋದವನ ಹತ್ತಿರ ನುಗ್ಗಿ, "ಲೈಟು ಅತ್ತಿರಕ್ಕೆ ಇಡಿಯಯ್ಯ, ಕೈಗೆ ಇಡಿ, ಇನ್ನೂ ಅತ್ತಿರ" ಅಂತ ಕೂಗಿದೆ. ನೆಂಟರ ನಡುವೆ ನಿಂತರೆ ನನ್ನ ನಾಲಿಗೆ ಹಿರೀಸಾವೆಗೇ ಹೋಗಿಬಿಡುತ್ತದೆ.

ಆ ಕಾಲದ ಮದುವೆ ವಿಡಿಯೋ ಲೈಟು ನೀವು ನೋಡಿರಬೇಕು. ಸಾವಿರ ವಾಟಿನದ್ದು, ಹಾರ ಹಾಕಿಕೊಂಡು ನಿಂತ ಗಂಡು ಹೆಣ್ಣು ಬೇಯುತ್ತಿದ್ದರು. ವಿಡಿಯೋದವನು ಅದನ್ನು ಗಿಟಾರಿನ ಕತ್ತಿಗೆ ಒಂದು ಗೇಣು ಬಿಟ್ಟು ಹಿಡಿದ. ಕರಿ ಮೇಣ. ಏಪ್ರಿಲ್ ತಿಂಗಳು.

ಮೊದಲು ಒಂದು ಸ್ವರ ಇಳಿಯಿತು. ನನಗೆ ಗೊತ್ತಾಗಲಿಲ್ಲ, ಅವರ ಮುಖ ನೋಡಿ ಗೊತ್ತಾಯಿತು. ಗಂಟೆಯ ಸೀಳು ಕೇಳಿದ ಮುಖವೇ ಅದು. ಇಳಿದ ಸ್ವರವನ್ನು ಎತ್ತಲು ತಂತಿಯನ್ನು ಪಕ್ಕಕ್ಕೆ ಎಳೆದರು. ಎಳೆದಷ್ಟೂ ಮೆತ್ತಗಾಗಿದ್ದ ಮೇಣದಲ್ಲಿ ಮೆಟ್ಟಿಲು ಇನ್ನಷ್ಟು ಜಾರಿತು. ಒಂದನ್ನು ಸರಿ ಮಾಡಲು ಹೋದರೆ ಪಕ್ಕದ್ದು ಹೋಯಿತು. ಆಮೇಲೆ ನನ್ನಂಥ ಕೋಣಕ್ಕೂ ಕೇಳುವ ಹಾಗೆ ಅಪಸ್ವರ. ಹುಡುಗರು ಊಳಿಟ್ಟರು. ಏನಾಗುತ್ತಿದೆ ಅನ್ನುವುದು ಥಟ್ಟನೆ ಹೊಳೆದು, ಲೈಟು ತೆಗಿ ಅಂತ ನಾನು ಕೂಗಿದೆ. ಆ ಗದ್ದಲದಲ್ಲಿ ವಿಡಿಯೋದವನು ಇನ್ನೂ ಹತ್ತಿರ ಅನ್ನುತ್ತಿದ್ದೇನೆಂದು ತಿಳಿದು ಹತ್ತಿರಕ್ಕೇ ಒಯ್ದ. ನಾನು ವೇದಿಕೆಗೆ ಓಡಬಹುದಿತ್ತು. ಹೆಣ್ಣಿನ ಚಿಕ್ಕಪ್ಪ ಬೀಗರೆದುರಿಗೆ ವೇದಿಕೆ ಹತ್ತಿ ಗಲಾಟೆ ಮಾಡಿದ ಅನ್ನಿಸಿಕೊಳ್ಳಬಾರದು ಅಂತ ಒಂದು ಗಳಿಗೆ ನಿಂತೆ. ಆ ಒಂದು ಗಳಿಗೆಯಲ್ಲೇ ಪಂಚಾಕ್ಷರಯ್ಯ ಮೈಕ್‌ಸೆಟ್ಟಿನವನಿಗೆ ಕೈಸನ್ನೆ ಮಾಡಿದರು. ಗಿಟಾರಿನ ಸದ್ದು ನಿಂತುಹೋಯಿತು. ಕೀಬೋರ್ಡಿನವನು ಹಾಡನ್ನು ತೆಗೆದುಕೊಂಡ.

ಚಲುವನಾರಾಯಣರು ನಿಲ್ಲಿಸಲಿಲ್ಲ. ತಮ್ಮ ಸದ್ದು ಹೋಗಿದೆ ಅನ್ನುವುದು ಆ ಕಿವಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕೊನೇ ಚರಣದವರೆಗೆ ಬೆರಳು ಆಡಿಸುತ್ತಲೇ ಇದ್ದರು. ಕಣ್ಣು ವಿಡಿಯೋ ಕಡೆ ಇತ್ತು.

ಕೆಳಗಿಳಿದು ಬಂದಾಗ ಪಂಚಾಕ್ಷರಯ್ಯ ನನಗೆ ಹೇಳಿದರು, "ಆಗಲ್ಲ ಮೇಷ್ಟ್ರೇ. ಇವರ ಕೈ ನಿಲ್ತಾ ಇಲ್ಲ." ಒಳ್ಳೆ ಮನುಷ್ಯ, ಮೆಲ್ಲಗೇ ಹೇಳಿದರು. ಚಲುವನಾರಾಯಣರು ನಾಲ್ಕು ಮಾರು ಆಚೆ ಗಿಟಾರಿಗೆ ಬೆಡ್‌ಶೀಟು ಸುತ್ತುತ್ತಿದ್ದರು. ಸುತ್ತುವ ಕೈ ಅರೆಗಳಿಗೆ ನಿಂತು ಮತ್ತೆ ಸುತ್ತತೊಡಗಿತು. ಊಟಕ್ಕೆ ಕೂತರು. ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಮದುವೆ ಗಲಾಟೆಯಲ್ಲಿ ಏನನ್ನೂ ಕೇಳದಿದ್ದ ನಮ್ಮಣ್ಣ ಬಂದು, "ಐನೋರು ಬೋ ಚಂದಾಗಿ ನುಡುಸುದ್ರು ಕಣ್ಲಾ" ಅಂದ. ಅವರು ಕೈ ಮುಗಿದರು.

ಮಾರನೇ ದಿನ ಮನೆಗೆ ಹೋದೆ. ಗಿಟಾರು ಚಾಪೆಯ ಮೇಲೆ ಮಲಗಿತ್ತು. ಮೆಟ್ಟಿಲುಗಳು ಮಕ್ಕಳ ಹಲ್ಲಿನ ಹಾಗೆ ಅಡ್ಡಾದಿಡ್ಡಿ. "ಮೇಣ ಕಾಯ್ತು" ಅಂದರು, ಅಷ್ಟೇ. ಲೈಟಿನ ವಿಷಯ ಹೇಳಲೆಂದೇ ನಾನು ಹೋಗಿದ್ದೆ. ಕಾಫಿ ಕುಡಿದು ಎದ್ದು ಬಂದೆ.

ಮತ್ತೆ ಕಟ್ಟಿ ಸಾ ಅಂತ ಹಲವು ಸಲ ಹೇಳಿದೆ. ಕಟ್ಟಬಹುದಿತ್ತು, ಒಂದು ದಿನದ ಕೆಲಸ. ತಪ್ಪಿದರೆ ತಿದ್ದಬೇಕು ಅಂತಲೇ ತಾನೆ ಮೇಣ ಹಾಕಿದ್ದು? ಆದರೆ ಅವರು ತಿದ್ದಲಿಲ್ಲ. ಮೆಟ್ಟಿಲು ಎತ್ತಿ ಡಬ್ಬಿಗೆ ಹಾಕಿ, ಗಿಟಾರನ್ನು ಅಟ್ಟಕ್ಕೇರಿಸಲು ಹೊರಟಿದ್ದರು. ಆ ಹೊತ್ತಿಗೆ ಮದುವೆಯ ವಿಡಿಯೋ ಕ್ಯಾಸೆಟ್ ಬಂತು.

ಆಗಿನ ವಿಡಿಯೋದವರಿಗೆ ಒಂದು ಚಾಳಿಯಿತ್ತು. ಛತ್ರದ ಗದ್ದಲ ತೆಗೆದು ಅದರ ಮೇಲೆ ಸಿನಿಮಾ ಹಾಡು ಕೂರಿಸುವುದು. ಆರತಕ್ಷತೆಯ ಭಾಗಕ್ಕೂ ನಮ್ಮ ವಿಡಿಯೋದವನು ಹಾಗೇ ಮಾಡಿದ್ದ. ಯಾವ ಹಾಡನ್ನು ಅವರು ನುಡಿಸಿದ್ದರೋ ಅದೇ ಹಾಡಿನ ಗಿಟಾರು ಕ್ಯಾಸೆಟ್ಟು ಅವನ ಹತ್ತಿರವಿತ್ತು, ಎಲ್ಲಿಯವನೋ ದೊಡ್ಡ ಕಲಾವಿದ ನುಡಿಸಿದ್ದು. ಬೆರಳು ಇವರದು, ನಾದ ಅವನದು. ಲೈಟು ಹತ್ತಿರವಿದ್ದದ್ದರಿಂದ ಬೆರಳಿನ ಉಗುರು ಕೂಡ ಕಾಣುತ್ತಿತ್ತು.

ಅರಕಲಗೂಡಿನಿಂದ ಬಂದ ಗೋದಮ್ಮನವರು ಅದನ್ನು ನಮ್ಮ ಮನೆಯಲ್ಲಿ ನೋಡಿದರು. ಎರಡು ಸಲ ಹಾಕಿಸಿ ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮಾವನವರು ಇದ್ದು ಇದನ್ನ ನೋಡಬೇಕಾಗಿತ್ತು" ಅಂದರು. ನಾನು ಚಲುವನಾರಾಯಣರ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ಗಿಟಾರು ಅಟ್ಟಕ್ಕೆ ಹೋಗಲಿಲ್ಲ. ನಡುಮನೆಯ ಗೋಡೆಗೆ ಗೋದಮ್ಮನವರೇ ಮೊಳೆ ಹೊಡೆಸಿ ತೂಗುಹಾಕಿಸಿದರು. ಮೆಟ್ಟಿಲು ಎಲ್ಲಿ ಅಂದರೆ ಹೊಸ ಮೇಳ ಕಟ್ಟಬೇಕು ಅಂತ ಇವರು, ನುಡಿಸಿ ಅಂದರೆ ತಂತಿ ಹೋಗಿದೆ ಅಂತ ಇವರು. ಗೋದಮ್ಮನವರು ನನಗೆ ಹೇಳುವರು, ನಾನು ಹಾಸನಕ್ಕೆ ಹೋದಾಗ ಒಂದು ಸೆಟ್ ತಂತಿ ತರುವೆನು. ಹಾಗೆ ತಂದ ಏಳೆಂಟು ಸೆಟ್ ಅವರ ಮೇಜಿನ ಡ್ರಾಯರಿನಲ್ಲಿ ಪೊಟ್ಟಣ ಬಿಚ್ಚದೆ ಬಿದ್ದಿದ್ದವು.

ಎರಡು ಸಾವಿರದ ಒಂಬತ್ತರಲ್ಲಿ ಅವರು ರಿಟೈರಾದರು. ಸ್ಕೂಲಿನಲ್ಲಿ ಬೀಳ್ಕೊಡುಗೆ. ಅಷ್ಟು ಹೊತ್ತಿಗೆ ಕ್ಯಾಸೆಟ್ಟು ಸಿ.ಡಿ. ಆಗಿತ್ತು, ಗೋದಮ್ಮನವರು ಅದನ್ನು ಬ್ಯಾಗಿನಲ್ಲಿ ತಂದಿದ್ದರು. ಸಭಾಂಗಣದ ಟಿ.ವಿ.ಯಲ್ಲಿ ಹಾಕಿದರು. ಇಷ್ಟು ವರ್ಷ ಟಿ.ಸಿ. ಬರೆದ ಮನುಷ್ಯ ಹೀಗೆ ನುಡಿಸುವವರೇ ಅಂತ ಹೊಸ ಮೇಷ್ಟ್ರುಗಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಹೆಡ್ ಮೇಡಂ, "ನಮಗೆ ಹೇಳಲೇ ಇಲ್ಲವಲ್ಲ ಸಾರ್ ನೀವು" ಅಂದರು. ಕೊರಳಲ್ಲಿ ಗಂಧದ ಹಾರ ಹಾಕಿಕೊಂಡು ಅವರು ಕುರ್ಚಿಯಲ್ಲಿ ಕೂತೇ ಇದ್ದರು, ಏಳುವ ಹಾಗಿಲ್ಲ, ಅಲ್ಲವೆನ್ನುವ ಹಾಗಿಲ್ಲ. ಯಾರೋ ಇನ್ನೊಂದು ಸಲ ಹಾಕಿ ಅಂದಾಗ ನೀರು ಕುಡಿಯುವ ನೆಪದಲ್ಲಿ ಎದ್ದು ವರಾಂಡಕ್ಕೆ ಬಂದರು. ನಾನೂ ಹಿಂದೆಯೇ ಹೋದೆ. ಹನ್ನೊಂದು ವರ್ಷದ ಮಾತು, ಅವತ್ತು ಆಡದಿದ್ದರೆ ಇನ್ನು ಆಡುವುದಿಲ್ಲ ಅನ್ನಿಸಿತು.

"ಸಾ, ಆವತ್ತು ಲೈಟು ಹತ್ತಿರ ಹಿಡಿ ಅಂದವನು ನಾನೇ."

"ಗೊತ್ತು ಅನಿಲ್‌ಕುಮಾರ್. ಕೇಳಿಸ್ತು."

"ಆ ಗದ್ದಲದಲ್ಲಿ?"

"ಅಪ್ಪ ಹೇಳಿದ್ದರಲ್ಲ, ಕಿವಿ ಇದೆ ಅಂತ."

"ಮತ್ತೆ ಬೇಡ ಅಂತ ಒಂದು ಮಾತು ಯಾಕೆ ಅನ್ನಲಿಲ್ಲ ಸಾ? ಮೇಣ ಏನಾಗುತ್ತೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?"

ಅವರು ನಲ್ಲಿ ನಿಲ್ಲಿಸಿ ಲೋಟ ಕೆಳಗಿಟ್ಟರು. "ಗೋದಾ ಕೈ ಕಾಣಬೇಕು ಅಂದಿದ್ದಳಲ್ಲ" ಅಂದರು. "ಹಾಡು ಮುಗಿಯೋವರೆಗೆ ತಡೆಯುತ್ತೆ ಅಂದ್ಕೊಂಡೆ."

ಒಳಗೆ ಹಾಡು ಮತ್ತೆ ಶುರುವಾಯಿತು. ಕಿಟಕಿಯಿಂದ ಗೋದಮ್ಮನವರು ಕಾಣುತ್ತಿದ್ದರು, ಮುಂದಿನ ಸಾಲಿನಲ್ಲಿ, ಟಿ.ವಿ.ಗೆ ತೀರಾ ಹತ್ತಿರ. "ಅವಳಿಗೆ ಹೇಳಬೇಡಿ" ಅಂದರು ಚಲುವನಾರಾಯಣರು. ಇಬ್ಬರೂ ವರಾಂಡದಲ್ಲೇ ನಿಂತೆವು. ಹಾಡು ಮುಗಿದು ಚಪ್ಪಾಳೆ ನಿಂತ ಮೇಲೆ ಅವರು ಹಾರ ಸರಿ ಮಾಡಿಕೊಂಡು ಒಳಗೆ ಹೋದರು.